ಕುಮಾರ ಪರ್ವತ: ಇಳಿಯುವುದಕ್ಕೆ ಕಾಲು ಉಳಿಸಿಕೊಂಡು ಹತ್ತುವ ಬಗೆ

ಮೋಡವಿಲ್ಲದ ದಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಿಂತು ನೋಡಿದರೆ ಹೆಡೆಯೆತ್ತಿದ ಹಾವಿನಂಥ ಬೆಟ್ಟವೊಂದು ಕಾಣುತ್ತದೆ. ಮೊದಲ ಸಲ ಬಂದವರು ಅದನ್ನೇ ಕುಮಾರ ಪರ್ವತವೆಂದು ತಿಳಿಯುವುದುಂಟು, ಆದರೆ ಅದು ಶೇಷ ಪರ್ವತ. ಕುಮಾರ ಪರ್ವತದ ತುದಿ ಅದರ ಬೆನ್ನ ಹಿಂದೆ 1,712 ಮೀಟರ್ ಎತ್ತರದಲ್ಲಿದೆ. ಕೊಡಗಿನ ಕಡೆಯವರು ಅದನ್ನು ಪುಷ್ಪಗಿರಿ ಎಂದು ಕರೆಯುತ್ತಾರೆ. ಕುಕ್ಕೆ ಘಟ್ಟದ ಬುಡದ ಊರಾದ್ದರಿಂದ ಸುಮಾರು 13 ಕಿಲೋಮೀಟರ್ ದಾರಿಯಲ್ಲಿ 1,500 ಮೀಟರಿಗೂ ಹೆಚ್ಚು ಎತ್ತರವನ್ನು ಕಾಲ್ನಡಿಗೆಯಲ್ಲೇ ಏರಬೇಕಾಗುತ್ತದೆ, ಮತ್ತು ಅಷ್ಟನ್ನೂ ಮತ್ತೆ ಇಳಿಯಬೇಕಾಗುತ್ತದೆ. ಈ ಬೆಟ್ಟದಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ಹತ್ತಲಾಗದವರಲ್ಲ, ಹತ್ತುವಾಗಲೇ ಶಕ್ತಿಯನ್ನೆಲ್ಲ ಖರ್ಚು ಮಾಡಿಕೊಂಡವರು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಇಳಿಯುವ ಹೊತ್ತನ್ನು ಲೆಕ್ಕದಲ್ಲಿಟ್ಟುಕೊಂಡೇ ಹೇಳಿದ್ದು.

ಅಕ್ಟೋಬರ್‌ನಿಂದ ಜನವರಿಯವರೆಗಿನ ಕಾಲ ಈ ಚಾರಣಕ್ಕೆ ಒಳ್ಳೆಯದು. ಮಳೆಗಾಲದಲ್ಲಿ ಜಾರಿಕೆಯೂ ಇಂಬಳದ (ಜಿಗಣೆಯ) ಕಾಟವೂ ವಿಪರೀತ. ಬೇಸಗೆಯಲ್ಲಿ ಒಣಹುಲ್ಲಿಗೆ ಕಾಡ್ಗಿಚ್ಚು ತಗಲುವ ಭಯವಿರುವುದರಿಂದ ಅರಣ್ಯ ಇಲಾಖೆ ದಾರಿಯನ್ನು ಮುಚ್ಚುತ್ತದೆ. ಬೆಟ್ಟ 1987ರಲ್ಲಿ ಘೋಷಣೆಯಾದ ಪುಷ್ಪಗಿರಿ ವನ್ಯಜೀವಿಧಾಮದ ಒಳಗಿದೆ, ಹಾಗಾಗಿ ಅನುಮತಿಯಿಲ್ಲದೆ ಹೋಗುವಂತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇಲ್ಲಿಗೆ ಒಮ್ಮೆಲೇ ಸಾವಿರಾರು ಮಂದಿ ನುಗ್ಗಿದ ಮೇಲೆ ಇಲಾಖೆ ಆನ್‌ಲೈನ್ ಮುಂಗಡ ಟಿಕೆಟ್ ಕಡ್ಡಾಯಗೊಳಿಸಿತು. ದಾರಿ ತೆರೆದಿದೆಯೇ, ಎಷ್ಟು ಗಂಟೆಯೊಳಗೆ ಚೆಕ್‌ಪೋಸ್ಟ್ ದಾಟಬೇಕು ಎಂಬುದನ್ನು ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡೇ ಬಸ್ಸಿಗೋ ರೈಲಿಗೋ ಟಿಕೆಟ್ ಮಾಡಿಸಿರಿ. ಚಂಪಾಷಷ್ಠಿಯ ಆಸುಪಾಸಿನಲ್ಲಿ ಕುಕ್ಕೆಯಲ್ಲಿ ತಂಗಲು ಕೋಣೆ ಸಿಗುವುದು ಕಷ್ಟವಾದ್ದರಿಂದ ಆ ವಾರವನ್ನು ಬಿಟ್ಟು ಬೇರೆ ದಿನ ಗೊತ್ತುಮಾಡಿಕೊಳ್ಳುವುದು ಒಳಿತು. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ರಸ್ತೆಯಲ್ಲಿ ಕುಕ್ಕೆಗೆ ಬರಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಸುಮಾರು ಅರ್ಧದಷ್ಟು ದೂರದ ಇನ್ನೊಂದು ದಾರಿಯಿದೆ. ಮೊದಲ ಬಾರಿ ಬೆಟ್ಟ ಹತ್ತುವವರಿಗೆ ಅದೇ ವಾಸಿ.

ಹೊರಡುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರದ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಹಿಡಿಯಬೇಕು. ಕುಕ್ಕೆಯ ದಾರಿಗೆ ಇದನ್ನು ಅನ್ವಯಿಸಿದರೆ ಹತ್ತುವುದಕ್ಕೇ ಐದು ಗಂಟೆಗೂ ಹೆಚ್ಚು ಬರುತ್ತದೆ, ಅದೂ ವಿಶ್ರಾಂತಿಯನ್ನು ಬಿಟ್ಟು. ಕರಾವಳಿಯ ಸೆಕೆ, ಬೆನ್ನಿನ ಚೀಲ, ಊಟ ಎಲ್ಲವನ್ನೂ ಸೇರಿಸಿದರೆ ಏಳು ಗಂಟೆ ಎಂದು ಹಿಡಿಯುವುದೇ ಸರಿ. ಡಿಸೆಂಬರಿನಲ್ಲಿ ಸಂಜೆ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ದಟ್ಟ ಕಾಡಿನೊಳಗೆ ಅದಕ್ಕೂ ಮುಂಚೆಯೇ ಕತ್ತಲು ಕವಿಯುತ್ತದೆ. ಆದ್ದರಿಂದ ಎಲ್ಲಿದ್ದರೂ ಯಾವ ಗಂಟೆಗೆ ಹಿಂದಿರುಗಬೇಕು ಎಂಬುದನ್ನು ಬೆಳಿಗ್ಗೆಯೇ ತಂಡದವರೆಲ್ಲ ಸೇರಿ ನಿಶ್ಚಯಿಸಬೇಕು. ಶಿಖರ ಕಣ್ಣೆದುರಿಗೇ ಇದ್ದರೂ ಆ ಗಂಟೆ ಬಂದಾಗ ಮರಳುವವರಷ್ಟೇ ಈ ಬೆಟ್ಟಕ್ಕೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಆರು ಕಿಲೋಮೀಟರ್ ನೆರಳಿನ ದಾರಿ. ಬೇರುಗಳೇ ಮೆಟ್ಟಿಲಾಗಿರುವ ಈ ಕಾಡಿನಲ್ಲಿ ಗಾಳಿ ಆಡುವುದಿಲ್ಲ, ಅರ್ಧ ಗಂಟೆಯಲ್ಲಿ ಅಂಗಿ ಬೆವರಿನಿಂದ ತೊಯ್ದುಹೋಗುತ್ತದೆ. ಹುಮ್ಮಸ್ಸಿನಲ್ಲಿ ದಾಪುಗಾಲು ಹಾಕುವ ತಪ್ಪು ನಡೆಯುವುದು ಇಲ್ಲಿಯೇ. ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಆಗುವಷ್ಟು ನಿಧಾನವಾಗಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ನಡೆಯಬೇಕು. ಕಡಿದಾದ ಕಡೆ ಮುಂಗಾಲಿನ ಮೇಲೆ ಏರಿದರೆ ಮೀನಖಂಡ ಬೇಗ ಸೋಲುತ್ತದೆ. ಇಡೀ ಪಾದವನ್ನು ಊರಿ, ಹಿಂದಿನ ಕಾಲನ್ನು ಒಂದು ಕ್ಷಣ ನೇರವಾಗಿ ನಿಲ್ಲಿಸಿ ಭಾರವನ್ನು ಮೂಳೆಗೆ ಬಿಟ್ಟು, ಅನಂತರ ಮುಂದಿನ ಹೆಜ್ಜೆ ಎತ್ತಿದರೆ ಸ್ನಾಯುವಿಗೆ ಪ್ರತಿ ಹೆಜ್ಜೆಯಲ್ಲೂ ಅಷ್ಟಿಷ್ಟು ವಿರಾಮ ಸಿಗುತ್ತದೆ. ಭೀಮನ ಕಲ್ಲು ಎಂಬ ದೊಡ್ಡ ಬಂಡೆಯ ಬಳಿ ಕುಳಿತುಕೊಳ್ಳಬಹುದು, ಆದರೆ ಮೈ ತಣ್ಣಗಾಗುವಷ್ಟು ಹೊತ್ತು ಬೇಡ.

ಮರಗಳು ಮುಗಿದು ಬಯಲು ಕಾಣಿಸಿದಾಗ ಗಿರಿಗದ್ದೆ. ಇಲ್ಲಿನ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆಗಳನ್ನು ಈ ದಾರಿಯಲ್ಲಿ ನಡೆದ ಯಾರೂ ಮರೆತಿಲ್ಲ. ಮನೆಗೆ ಬೇಕಾದ ಸಾಮಾನನ್ನೆಲ್ಲ ಇದೇ ಕಾಲುದಾರಿಯಲ್ಲಿ ಹೊತ್ತು ತರಬೇಕು ಎಂಬುದನ್ನು ನೆನಪಿಟ್ಟು ಬೇಕಾದಷ್ಟನ್ನೇ ಬಡಿಸಿಕೊಂಡು, ಎಲೆಯಲ್ಲಿ ಒಂದು ಅಗುಳನ್ನೂ ಬಿಡದೆ ಉಣ್ಣಬೇಕು. ರಾತ್ರಿ ತಂಗಲು ಅನುಮತಿಯಿದ್ದರೆ, ಎರಡು ದಿನದಲ್ಲಿ ಮುಗಿಸುವವರು ಉಳಿಯಬೇಕಾದದ್ದು ಈ ಭಾಗದಲ್ಲಿಯೇ. ಶಿಖರದ ಮೇಲೆ ಬಿಡಾರ ಹೂಡಲು ಅನುಮತಿಯಿಲ್ಲ. ಮುಂದೆ ನೀರು ಸಿಗುವುದೆಂಬ ಭರವಸೆಯನ್ನು ಇಲ್ಲಿಗೇ ಬಿಡಬೇಕು. ಕಲ್ಲುಮಂಟಪದ ಬಳಿ ಒಂದು ಒರತೆಯಿದೆಯಾದರೂ ಮಳೆ ನಿಂತು ತಿಂಗಳುಗಳು ಕಳೆದಂತೆ ಅದು ಬತ್ತುತ್ತದೆ. ತಲಾ ಮೂರು ಲೀಟರ್ ತುಂಬಿಸಿಕೊಂಡು, ಅದರಲ್ಲಿ ಒಂದು ಲೀಟರನ್ನು ಇಳಿಯುವಾಗಿನ ಪಾಲೆಂದು ಬೇರೆ ಬಾಟಲಿಯಲ್ಲಿ ಇಟ್ಟು ಬಿಡಿ.

ಚೆಕ್‌ಪೋಸ್ಟ್ ದಾಟಿದ ಮೇಲೆ ಕಲ್ಲುಮಂಟಪದವರೆಗೂ ಅದರಾಚೆಗೂ ಹುಲ್ಲಿನ ಏಣು, ಅಂದರೆ ಬೆಟ್ಟದ ಬೆನ್ನೇಣಿನ ದಾರಿ, ನೆರಳಿಲ್ಲ. ಇಲ್ಲಿ ಬಿಸಿಲೇರುವ ಮುನ್ನ ನಡೆಯುವುದು ಅಗತ್ಯ. ಗಿರಿಗದ್ದೆಯಲ್ಲಿ ತಂಗಿದವರು ಚೆಕ್‌ಪೋಸ್ಟ್ ತೆರೆದ ಕೂಡಲೇ ಹೊರಡಬೇಕು. ಟೊಪ್ಪಿ, ತೋಳು ಮುಚ್ಚುವ ಅಂಗಿ, ಓಆರ್‌ಎಸ್ ಪೊಟ್ಟಣ, ಕಡಲೆಮಿಠಾಯಿ ಅಥವಾ ಖರ್ಜೂರ ಕೈಗೆಟಕುವಂತಿರಲಿ. ಹಸಿವಾದ ಮೇಲೆ ತಿನ್ನುವ ಬದಲು ಮುಕ್ಕಾಲು ಗಂಟೆಗೊಮ್ಮೆ ಒಂದೆರಡು ತುಂಡು ತಿನ್ನುತ್ತಿರಬೇಕು. ಅಕ್ಟೋಬರ್ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿಸಿದರೆ ಬೋಳು ಏಣಿನ ಮೇಲೆ ಕಾಯುತ್ತ ನಿಲ್ಲದೆ ತಕ್ಷಣ ಕೆಳಗಿಳಿಯಿರಿ.

ಶೇಷ ಪರ್ವತದ ಅಂಚಿನಲ್ಲಿ ಪಾತಾಳದಂತೆ ಬಿದ್ದಿರುವ ಕಮರಿಯನ್ನು ನೋಡಿ ಕೆಲವರು ಅಲ್ಲಿಂದಲೇ ಮರಳುತ್ತಾರೆ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಮುಂದೆ ಹೋಗುವವರು ಒಮ್ಮೆ ಶೋಲಾ ಕಾಡಿನೊಳಕ್ಕೆ, ಅಂದರೆ ಬೆಟ್ಟದ ಮಡಿಲಿನ ದಟ್ಟ ಹಸಿರು ಕಾಡಿನೊಳಕ್ಕೆ, ಇಳಿದು ಮತ್ತೆ ಏರಬೇಕು. ಈ ಕಾಡಿನಲ್ಲಿ ಬಿಸಿಲು ನೆಲಕ್ಕೆ ತಾಗುವುದು ಅಪರೂಪವಾದ್ದರಿಂದ ಕೊನೆಯ ಏರಿನ ಬಂಡೆ ಡಿಸೆಂಬರಿನಲ್ಲೂ ಒಸರುತ್ತಿರುತ್ತದೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಭದ್ರವಾಗಿ ನಿಂತ ಮೇಲಷ್ಟೇ ನಾಲ್ಕನೆಯದನ್ನು ಕದಲಿಸಬೇಕು. ಹುಲ್ಲಿನ ಬುಡವನ್ನೋ ಒಣಕೊಂಬೆಯನ್ನೋ ನಂಬಿ ಜೋತು ಬೀಳಬಾರದು. ಹಸಿಯಾದ ಆನೆಲದ್ದಿ ಕಂಡರೆ ಮಾತು ನಿಲ್ಲಿಸಿ, ಗುಂಪು ಕೂಡಿಕೊಂಡು, ಸದ್ದಿಗೆ ಕಿವಿಗೊಟ್ಟು ಮುಂದುವರಿಯಿರಿ. ಈ ಬೆಟ್ಟದ ನೀರೇ ಕುಮಾರಧಾರೆಯಾಗಿ ಕುಕ್ಕೆಯನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಆ ಊರುಗಳ ಜನ ಕುಡಿಯುವ ನೀರಿನ ತಲೆಯ ಮೇಲೆ ನಾವು ನಿಂತಿರುವುದರಿಂದ ಒಂದು ಚಾಕಲೇಟಿನ ಸಿಪ್ಪೆಯನ್ನೂ ಅಲ್ಲಿ ಬಿಡುವ ಹಕ್ಕು ನಮಗಿಲ್ಲ.

ಇನ್ನು ಇಳಿಯುವುದು. ಶಿಖರ ಬಿಡುವ ಮೊದಲು ಕುಳಿತು ಶೂ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಹತ್ತಿರ ದಾರವನ್ನು ಬಿಗಿಯಾಗಿ ಕಟ್ಟಬೇಕು. ಹೀಗೆ ಮಾಡದಿದ್ದರೆ ಪಾದ ಮುಂದಕ್ಕೆ ಜಾರಿ ಪ್ರತಿ ಹೆಜ್ಜೆಗೂ ಬೆರಳು ಶೂವಿನ ಮೂತಿಗೆ ಬಡಿಯುತ್ತದೆ. ಮೊದಲ ಸಲ ಇದನ್ನು ತಿಳಿಯದೆ ಇಳಿದಾಗ ನನ್ನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ, ಉದುರಿ, ಹೊಸದು ಬರಲು ತಿಂಗಳುಗಳೇ ಹಿಡಿದವು. ಹಿಂದಿನ ದಿನವೇ ಉಗುರು ಕತ್ತರಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಮೊಣಕಾಲನ್ನು ಸೆಟೆಸದೆ ಸ್ವಲ್ಪ ಮಡಿಸಿಯೇ ಇಟ್ಟು, ಊರುಗೋಲನ್ನು ಕಾಲಿಗಿಂತ ಮೊದಲು ಕೆಳಗೆ ಊರಿ, ಅನಂತರ ಭಾರ ಬಿಡಬೇಕು. ಏಣಿನ ಮೇಲೆ ಒಣಗಿದ ಹುಲ್ಲು ಪಾದದಡಿ ಎಣ್ಣೆ ಸವರಿದಂತೆ ಜಾರುತ್ತದೆ, ಅದರ ಕೆಳಗೆ ಕಾಳಿನಂಥ ಪುಡಿಗಲ್ಲು ಬೇರೆ. ಅಂಥಲ್ಲಿ ದೇಹವನ್ನು ಅಡ್ಡ ತಿರುಗಿಸಿ ಪಾದದ ಅಂಚನ್ನು ನೆಲಕ್ಕೆ ಒತ್ತಿ ಇಳಿಯುವುದೇ ದಾರಿ. ಓಡುವುದು ಸುಲಭವೆನ್ನಿಸಿದರೂ ಓಡಬಾರದು.

ಕೊನೆಯ ಆರು ಕಿಲೋಮೀಟರ್ ಮತ್ತೆ ಕಾಡು, ತೊಡೆ ನಡುಗುವ ಹೊತ್ತು. ತಲೆಗೆ ಕಟ್ಟುವ ಟಾರ್ಚನ್ನು ಚೀಲದ ತಳದಿಂದ ತೆಗೆದು ಕಿಸೆಗೆ ಹಾಕಿಕೊಳ್ಳಿ, ಅತಿ ನಿಧಾನದವರನ್ನು ಮುಂದಕ್ಕೆ ಬಿಟ್ಟು ಉಳಿದವರು ಅವರ ಹಿಂದೆಯೇ ನಡೆಯಿರಿ. ಊರು ಮುಟ್ಟಿದ ಮೇಲೆ ಕಾಲುಚೀಲ ಕಳಚಿ ಬೆರಳ ಸಂದಿಗಳಲ್ಲಿ ಇಂಬಳ ಕಚ್ಚಿಕೊಂಡಿದೆಯೇ ಎಂದು ನೋಡಿ. ಇದ್ದರೆ ಕಿತ್ತೆಳೆಯದೆ ಉಗುರನ್ನು ಅದರ ಬಾಯಿಯ ಬಳಿ ತೂರಿಸಿ ಬಿಡಿಸಿ, ಗಾಯವನ್ನು ಸೋಪಿನಿಂದ ತೊಳೆಯಿರಿ. ಬೆಳಕು ಇನ್ನೂ ಉಳಿದಿದ್ದರೆ ಕುಮಾರಧಾರೆಯ ಸ್ನಾನಘಟ್ಟಕ್ಕೆ ಹೋಗಿ, ಹರಿವು ಶಾಂತವಾಗಿರುವ ಮೆಟ್ಟಿಲ ಮೇಲೆ ಕುಳಿತು, ಮೊಣಕಾಲು ಮುಳುಗುವಂತೆ ಹದಿನೈದು ನಿಮಿಷ ತಣ್ಣೀರಿನಲ್ಲಿ ಇಳಿಬಿಟ್ಟರೆ ಮರುದಿನ ಬಸ್ಸಿನ ಮೆಟ್ಟಿಲು ಹತ್ತುವಾಗಿನ ನೋವು ಸ್ವಲ್ಪ ಕಡಿಮೆಯಾಗುತ್ತದೆ.