ಪೀರ್ ಎಜುಕೇಟರ್ ಮಕ್ಕಳಿಗೆ ತರಬೇತಿ ಕೊಡ್ತೀರಾ? ಭಾಷಣ ಕಮ್ಮಿ ಮಾಡಿ

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (2014ರಲ್ಲಿ ಶುರುವಾದದ್ದು) ಊರಿನ ಹದಿಹರೆಯದ ಹುಡುಗ ಹುಡುಗಿಯರನ್ನೇ ಪೀರ್ ಎಜುಕೇಟರ್ (ತಮ್ಮ ವಯಸ್ಸಿನವರಿಗೆ ಆರೋಗ್ಯದ ವಿಷಯ ತಿಳಿಸಿ ಹೇಳುವವರು) ಮಾಡುತ್ತಾರೆ, ಅಲ್ವಾ? ಅವರಿಗೆ ತರಬೇತಿ ಕೊಡುವವರಿಗೆ ನನ್ನ ಅನುಭವದ ಸಲಹೆ ಇದು.

ಮೊದಲ ಸಲ ನಾನು ಮೂರು ಗಂಟೆ ಬರೀ ಚಾರ್ಟ್ ತೋರಿಸಿದೆ. ಮಕ್ಕಳು ಸುಮ್ನೆ ತಲೆ ಆಡಿಸಿದರು, ಅಷ್ಟೇ. ಈಗ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸುತ್ತೇನೆ. ಒಬ್ಬಳು ಗೆಳತಿ, ಇನ್ನೊಬ್ಬಳು ಪೀರ್ ಎಜುಕೇಟರ್. ‘ಕಬ್ಬಿಣಾಂಶದ ಮಾತ್ರೆ ತಗೊಂಡ್ರೆ ಮಲ ಕಪ್ಪಗೆ ಬರುತ್ತೆ, ನಂಗೆ ಭಯ ಕಣೇ’ ಅಂತ ಗೆಳತಿ ಹೇಳಬೇಕು. ‘ಅದು ಕಬ್ಬಿಣದಿಂದ, ಹೆದರಬೇಡ. ಹೊಟ್ಟೆ ತೊಳಸಿದರೆ ಊಟ ಆದಮೇಲೆ ತಗೋ, ಜೊತೆಗೆ ಟೀ ಕುಡೀಬೇಡ’ ಅಂತ ಇವಳು ತನ್ನ ಮಾತಲ್ಲೇ ಹೇಳಬೇಕು. ಎರಡು ಸಲ ತಡವರಿಸುತ್ತಾರೆ, ಮೂರನೇ ಸಲ ಸಲೀಸು.

ಮುಟ್ಟಿನ ವಿಷಯಕ್ಕೆ ಹುಡುಗರನ್ನೂ ಹುಡುಗಿಯರನ್ನೂ ಮೊದಲು ಬೇರೆ ಬೇರೆ ಕೂರಿಸಿ. ಹೆಸರು ಬರೆಯದೆ ಪ್ರಶ್ನೆ ಹಾಕಲು ಒಂದು ಡಬ್ಬಿ ಇಡಿ. ನಮ್ಮ ಡಬ್ಬಿ ಹಳೇ ಬಿಸ್ಕತ್ ಟಿನ್ನು!

‘ಗೊತ್ತಿಲ್ಲ, ಕೇಳಿಕೊಂಡು ಬರ್ತೀನಿ’ ಅನ್ನುವುದನ್ನೂ ಕಲಿಸಿ. ಗೆಳೆಯರ ಗುಟ್ಟು ಹೊರಗೆ ಹೋಗಬಾರದು. ಆದರೆ ಹೊಡೆತ, ದೌರ್ಜನ್ಯ, ಸಾಯುವ ಮಾತು ಬಂದರೆ ಗುಟ್ಟಾಗಿ ಇಡಬಾರದು. ಆಶಾ ಅಕ್ಕನಿಗೋ ನಂಬಿಕೆಯ ದೊಡ್ಡವರಿಗೋ ತಕ್ಷಣ ಹೇಳಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ನಂಬರ್‌ಗಳನ್ನು ನೋಟ್‌ಬುಕ್ಕಿನ ಹಿಂದೆ ಬರೆಸಿ.

ಒಂದು ದಿನ ಹದಿಹರೆಯದವರಿಗಾಗಿಯೇ ಇರುವ ಸರ್ಕಾರಿ ಸ್ನೇಹ ಕ್ಲಿನಿಕ್‌ಗೂ ಕರೆದುಕೊಂಡು ಹೋಗಿ. ಬಾಗಿಲು ಎಲ್ಲಿದೆ ಅಂತ ಅವರೇ ನೋಡಿರಬೇಕು.