ಕೊನ್ಯಾಕು ಸುಣ್ಣ, ಇಡ್ಲಿ ಗ್ರೈಂಡರ್, ಅಕಾಪುಲ್ಕೊ ಊಟ: ನನ್ನ ಅನುಭವ

ಹೋದ ವರ್ಷ ಸೆಪ್ಟೆಂಬರ್ ಕೊನೆಗೆ ಒಂಜುಕುವಿನಲ್ಲಿ ನಾನು ಹಂಚಿಗೆ ಹಾಕಿದ ತೋರ್ತಿಯಾ, ಅಂದರೆ ಮೆಕ್ಸಿಕೊದ ಗೋವಿನಜೋಳದ ರೊಟ್ಟಿ, ಉಬ್ಬಿತು. ಒಂದಲ್ಲ, ಒಂದರ ಹಿಂದೆ ಒಂದು, ಸುಮಾರು 180. ಕಾಳು ನಾನೇ ಬೆಳೆದದ್ದು, ನಾನೇ ಸುಣ್ಣದಲ್ಲಿ ಬೇಯಿಸಿದ್ದು, ನಾನೇ ರುಬ್ಬಿದ್ದು. ಪ್ಯಾಕೆಟ್ ಹಿಟ್ಟು ಒಂದು ಚಮಚವೂ ಸೇರಿಲ್ಲ. "ಆಗದ ಕೆಲಸ ಬಿಡಿ" ಅಂದವರೇ ತಟ್ಟೆ ಹಿಡಿದು ಎರಡನೇ ಸಲ ಬಂದರು. ಇದಕ್ಕೆ ಆರು ವರ್ಷ ಹಿಡಿಯಿತು. ಫೋನಿನಲ್ಲಿ ಎಲ್ಲರಿಗೂ ತುಂಡು ತುಂಡಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂಜುಕು ಜಪಾನಿನ ಚಿಬಾ ಪ್ರಾಂತ್ಯದ ಪೆಸಿಫಿಕ್ ದಂಡೆಯ ಪುಟ್ಟ ಊರು. ಮೆಕ್ಸಿಕೊದ ಅಕಾಪುಲ್ಕೊ 1978ರಿಂದ ಇದರ ಸಹೋದರ ನಗರ. ಸಂಬಂಧ ಮಾತ್ರ 1609ರದ್ದು. ಆ ವರ್ಷ ಸೆಪ್ಟೆಂಬರ್ 30ರಂದು, ಮನಿಲಾದಿಂದ ಅಕಾಪುಲ್ಕೊಗೆ ಹೊರಟಿದ್ದ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಹಡಗು ಇಲ್ಲಿನ ಇವಾವಾದಾ ಕೇರಿಯ ಹತ್ತಿರ ಒಡೆಯಿತು. 373 ಜನರಲ್ಲಿ 317 ಜನ ಬದುಕಿದರು. ನಡುಗುತ್ತಿದ್ದವರನ್ನು ಇಲ್ಲಿನ ಆಮಾಗಳು, ಅಂದರೆ ಸಮುದ್ರಕ್ಕೆ ಮುಳುಗಿ ಚಿಪ್ಪು ತೆಗೆಯುವ ಹೆಂಗಸರು, ತಮ್ಮ ಮೈಗೆ ಅಪ್ಪಿಕೊಂಡು ಬೆಚ್ಚಗೆ ಮಾಡಿದರು ಅಂತ ಊರವರು ಇಂದಿಗೂ ಹೇಳುತ್ತಾರೆ. ಹಡಗಿನಲ್ಲಿದ್ದ ಸ್ಪೇನಿನ ಅಧಿಕಾರಿ ರೊಡ್ರಿಗೊ ದೆ ವಿವೆರೊ ಆಮೇಲೆ ಇದನ್ನೆಲ್ಲ ಬರೆದಿಟ್ಟ. ಆ ಬಡ ಕೇರಿಯ ಊಟ ಏನಿತ್ತು ಅಂತಲೂ ಬರೆದ: ಅನ್ನ, ಮೂಲಂಗಿ, ಬದನೆಕಾಯಿ, ಅಪರೂಪಕ್ಕೆ ಮೀನು. ಗುಡ್ಡದ ಮೇಲೆ 1928ರಲ್ಲಿ ಕಟ್ಟಿದ 17 ಮೀಟರಿನ ಬಿಳಿ ಕಂಬ ಇದೆ. ಅದರ ಬುಡದಲ್ಲಿ ನಿಂತರೆ ಹಡಗು ಒಡೆದ ಕಡಲು ಪೂರ್ತಿ ಕಾಣುತ್ತದೆ.

ಆ ದಿನದ ನೆನಪಿಗೆ ನಾವು ಏಳೆಂಟು ಮನೆಯವರು ವರ್ಷಕ್ಕೊಮ್ಮೆ ಸೇರಿ ಮೆಕ್ಸಿಕೊದಿಂದ ಬಂದವರನ್ನು ಊಟಕ್ಕೆ ಕರೆಯುತ್ತೇವೆ. 2018ರಲ್ಲಿ ನಾನು ಮೊದಲ ಸಲ ಹೋದಾಗ ಮೇಜಿನ ಮೇಲೆ ಚೀಲದ ನಾಚೋಸ್ ಸುರಿದಿದ್ದರು. ಅದು ಉತ್ತರದ ಗಡಿ ಕಡೆಯ ತಿಂಡಿ, ಅಕಾಪುಲ್ಕೊ ಮನೆ ಊಟ ಅಲ್ಲ. ನನಗೆ ನಿಜಕ್ಕೂ ಬೇಜಾರಾಯ್ತು. ಹಸಿದು ಬಂದ 317 ಜನಕ್ಕೆ ತಮ್ಮ ಪಾಲಿನ ಅನ್ನ ಬಡಿಸಿದ ಊರು ಇದು. ಇಲ್ಲಿ ಅವರ ಮನೆ ರೊಟ್ಟಿ ಆಗಬಾರದಾ ಅನ್ನಿಸಿತು.

ನಾನು ರಾಣೆಬೆನ್ನೂರು ಕಡೆಯವನು. ಗೋವಿನಜೋಳ ನೋಡುತ್ತಲೇ ಬೆಳೆದವನು, ರೊಟ್ಟಿ ಬಡಿಯಲು ಅವ್ವನಿಂದ ಕಲಿತವನು. ತೋರ್ತಿಯಾ ಮಾಡುತ್ತೇನೆ ಅಂದಾಗ ನಮ್ಮ ಗುಂಪಿನವರು "ಪ್ಯಾಕೆಟ್ ಹಿಟ್ಟು 900 ಯೆನ್‌ಗೆ ಸಿಗುತ್ತದೆ, ಯಾಕೆ ಸುಮ್ನೆ ಕಷ್ಟ?" ಅಂದರು. ಸಿಪ್ಪೆ ಬಿಡಲು ಕಾಳನ್ನು ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಬೇಕು ಅಂದಾಗ ಅವ್ವ ಫೋನಿನಲ್ಲಿ, "ಸುಣ್ಣದ ನೀರಾಗ ಕುದಿಸಿದ್ದನ್ನ ಯಾರ್ ಉಣ್ತಾರೋ?" ಅಂದಳು.

ಮೊದಲು ಕಾಳಿನದೇ ಪಾಡು. ಜಪಾನಿನ ಅಂಗಡಿಯಲ್ಲಿ ಸಿಗುವುದೆಲ್ಲ ಸಿಹಿಜೋಳ. ಒಣಗಿಸಿದರೆ ಸುಕ್ಕುಗಟ್ಟುತ್ತದೆ, ಸುಣ್ಣದಲ್ಲಿ ಬೇಯಿಸಿದರೆ ಗಂಜಿ ಆಗುತ್ತದೆ. ಪಾಪ್‌ಕಾರ್ನ್ ಕಾಳು ಎರಡು ಗಂಟೆ ಬೇಯಿಸಿದರೂ ನಡುವೆ ಕಲ್ಲು. ಊರಿಂದ ತರೋಣ ಅಂದರೆ ಕಾಳಿಗೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು. ನಾಲ್ಕು ಕೆಜಿಗೆ ಯಾರು ಮಾಡಿಸುತ್ತಾರೆ? ಕೊನೆಗೆ ಯಾಮಾನಾಶಿಯ ಬೆಟ್ಟದ ಹಳ್ಳಿಗಳಲ್ಲಿ ಹಿಂದಿನಿಂದ ಬೆಳೆಯುವ ಗಟ್ಟಿ ಕಾಳಿನ ಗೋವಿನಜೋಳದ ಬೀಜ ಒಂದು ಹಿಡಿ ಸಿಕ್ಕಿತು. ಕೊಟ್ಟವರು ದುಡ್ಡು ತೆಗೆದುಕೊಳ್ಳಲಿಲ್ಲ.

2019ರಲ್ಲಿ ನಾಲ್ಕು ಸಾಲು ಹಾಕಿದೆ. ಸೆಪ್ಟೆಂಬರ್ 9ರ ತೂಫಾನು ಚಿಬಾವನ್ನೇ ಮಲಗಿಸಿತು, ನನ್ನ ಜೋಳ ಯಾವ ಲೆಕ್ಕ? ದಿನಗಟ್ಟಲೆ ಕರೆಂಟ್ ಇಲ್ಲ, ನೆಲ ಹಿಡಿದ ತೆನೆ ಎಲ್ಲ ಬೂಸ್ಟು. ಬೀಜಕ್ಕೆ ಅಂತ ಎಂಟು ತೆನೆ ಉಳಿಸಿಕೊಂಡೆ. ಆಮೇಲೆ ಕೊರೊನಾ, ಸೇರುವುದೇ ನಿಂತಿತು. ಆದರೂ ಬಿತ್ತುವುದನ್ನು ಬಿಡಲಿಲ್ಲ.

2021ರಲ್ಲಿ ಬೆಳೆ ಚೆನ್ನಾಗಿ ಬಂತು, ಜಗಳವೂ ಬಂತು. ಪಕ್ಕದ ಮನೆ ಅಜ್ಜಿಯ ಸಿಹಿಜೋಳಕ್ಕೆ ನನ್ನ ಜೋಳದ ಪರಾಗ ಬಿದ್ದು ಅವರ ಕಾಳೆಲ್ಲ ಹಿಟ್ಟುಹಿಟ್ಟಾಯ್ತು. ನನ್ನದಕ್ಕೆ ಏನೂ ಆಗಲಿಲ್ಲ, ಕೆಟ್ಟದ್ದು ಅವರದ್ದೇ. ಮೊಮ್ಮಕ್ಕಳಿಗೆ ಅಂತ ಬೆಳೆದದ್ದು. ಕಲ್ಲಂಗಡಿ ಹಣ್ಣು ತೆಗೆದುಕೊಂಡು ಹೋಗಿ ತಲೆ ಬಾಗಿಸಿ ಕ್ಷಮೆ ಕೇಳಿದೆ. ಎರಡು ತಿಂಗಳು ಮಾತಾಡಲಿಲ್ಲ. ಮುಂದಿನ ವರ್ಷದಿಂದ ಅವರು ಬಿತ್ತಿ ಮೂರು ವಾರ ಕಳೆದ ಮೇಲೆ ನಾನು ಬಿತ್ತುತ್ತೇನೆ.

ಸುಣ್ಣದ ಸಮಸ್ಯೆ ಬಿಡಿಸಿದ್ದು ಕೊನ್ಯಾಕು. ಗೆಡ್ಡೆಯಿಂದ ಮಾಡುವ ಆ ಜೆಲ್ಲಿಯಂಥ ತಿನಿಸನ್ನು ಗಟ್ಟಿ ಮಾಡಲು ತಿನ್ನುವ ದರ್ಜೆಯ ಸುಣ್ಣ ಮಾರುತ್ತಾರೆ, 100 ಗ್ರಾಂ 300 ಯೆನ್ ಆಸುಪಾಸು. ಎಲೆಅಡಿಕೆ ಸುಣ್ಣ ಹುಡುಕಿಕೊಂಡು ಟೋಕಿಯೊ ಎಲ್ಲ ಅಲೆದಿದ್ದೆ, ಇದು ನಮ್ಮ ಊರಿನ ಅಂಗಡಿಯಲ್ಲೇ ಇತ್ತು. ಕೆಜಿ ಕಾಳಿಗೆ 10 ಗ್ರಾಂ, 3 ಲೀಟರ್ ನೀರು. 20 ಗ್ರಾಂ ಹಾಕಿ ನೋಡಿದ್ದೇನೆ, ಬಾಯಿಗೆ ಸೋಪು. ಎಲ್ಲರೂ ಹೇಳುವ 40 ನಿಮಿಷ ಈ ಗಟ್ಟಿ ಕಾಳಿಗೆ ಸಾಲದು, ಒಂದು ಗಂಟೆ ದಾಟಬೇಕು. ಆಮೇಲೆ ರಾತ್ರಿ ಪೂರ್ತಿ ಅದೇ ನೀರಿನಲ್ಲಿ. ಬೆಳಗ್ಗೆ ನೀರು ಅರಿಶಿನ ಕದಡಿದಂತೆ ಆಗಿರುತ್ತದೆ. ಎರಡು ಬೆರಳಲ್ಲಿ ಒತ್ತಿ ಜಾರಿಸಿದರೆ ಸಿಪ್ಪೆ ಹಾವಿನ ಪೊರೆ ಥರ ಬಿಡಬೇಕು, ಕಾಳು ಮುರಿದರೆ ನಡುವೆ ಸೂಜಿಮೊನೆಯಷ್ಟು ಬಿಳಿ ಇರಬೇಕು. ಪೂರ್ತಿ ಬೆಂದರೆ ಹಿಟ್ಟು ಅಂಟು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ನನ್ನ ದೊಡ್ಡ ಪಾತ್ರೆ ಒಂದೇ ರಾತ್ರಿಗೆ ಕಪ್ಪಾಗಿ ಹೋಯಿತು, ಕಾಳನ್ನೂ ಚೆಲ್ಲಿದೆ.

ರುಬ್ಬುವುದೇ ದೊಡ್ಡ ಕಥೆ. ಮಿಕ್ಸಿ ಕೈಲಿ ಆಗಲ್ಲ. ಬ್ಲೇಡು ತಿರುಗಲು ನೀರು ಬೇಕು, ನೀರು ಹಾಕಿದರೆ ದೋಸೆ ಹಿಟ್ಟು. ಕೀಮಾ ಯಂತ್ರದಲ್ಲಿ ಮೂರು ಸಲ ಹಾಕಿದರೂ ರವೆ ರವೆ. ಕೊನೆಗೆ ಮನೆಯವಳ ಇಡ್ಲಿ ಗ್ರೈಂಡರ್ ಕೇಳಿದೆ. ಊರಿಂದ ತಂದದ್ದು, 230 ವೋಲ್ಟ್. ಇಲ್ಲಿ ಕರೆಂಟ್ 100 ವೋಲ್ಟ್. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್‌ಗೆ 12,000 ಯೆನ್ ಹೋಯಿತು. ಚಿಬಾದಲ್ಲಿ 50 ಹರ್ಟ್ಸ್, ಊರಲ್ಲೂ ಅಷ್ಟೇ, ಹಾಗಾಗಿ ಮೋಟರ್ ವೇಗ ಸರಿಯಾಗಿ ಬರುತ್ತದೆ. ಒಸಾಕಾ ಕಡೆ ಇರುವವರು ಗಮನಿಸಿ, ಅಲ್ಲಿ 60. ಮೊದಲ ದಿನ ಒಂದೂವರೆ ಕೆಜಿ ಒಮ್ಮೆಲೇ ಸುರಿದೆ. ಬೆಲ್ಟ್ ಸುಟ್ಟಿತು, ಮನೆ ತುಂಬ ರಬ್ಬರ್ ವಾಸನೆ. ಹೊಸ ಬೆಲ್ಟ್ ಊರಿಂದ ಬರಲು ಒಂದು ತಿಂಗಳು, ಅಲ್ಲಿಯವರೆಗೆ ಮನೆಯಲ್ಲಿ ಇಡ್ಲಿ ಇಲ್ಲ. ಈಗ 400 ಗ್ರಾಂ ದಾಟಲ್ಲ. ನೀರು ಯಾವ ಹೊತ್ತಿಗೆ, ಎಷ್ಟು, ಯಾವ ಬಿಸಿಗೆ ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ದುಡಿಮೆ ಅದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇಷ್ಟು ದಿನ ಕಾಳಿಗೆ ಕಾದು ಕಾದು ಸಾಕಾಗಿ ನಮ್ಮ ಬಿಳಿಜೋಳವನ್ನೂ ಸುಣ್ಣಕ್ಕೆ ಹಾಕಿ ನೋಡಿದೆ. ಹಿಟ್ಟು ಮಾಸಲು ಹಸಿರಾಯ್ತು, ರೊಟ್ಟಿ ಮೆತ್ತಗೆ ಬಂತು, ರುಚಿ ಮಾತ್ರ ನಮ್ಮದಲ್ಲ. ನಮ್ಮ ಜೋಳಕ್ಕೆ ಬಿಸಿನೀರೇ ಸರಿ. ತೊಮಾತಿಯೊ, ಅಂದರೆ ಟೊಮೆಟೊ ಥರದ ಮೆಕ್ಸಿಕೊದ ಹಸಿರು ಕಾಯಿ, ಅದನ್ನೂ ಬೆಳೆಯಲು ಹೋದೆ. ಒಂದೇ ಗಿಡ ಹಾಕಿದ್ದೆ, ಹೂವೋ ಹೂವು, ಕಾಯಿ ಒಂದೂ ಇಲ್ಲ. ಅದಕ್ಕೆ ಜೊತೆ ಗಿಡ ಬೇಕಂತೆ. ಮುಂದಿನ ವರ್ಷ ಎರಡು ಹಾಕಿದೆ, ಬುಟ್ಟಿಗಟ್ಟಲೆ ಬಂತು.

ರೊಟ್ಟಿ ಬಡಿಯುವ ಕೈಗೂ ಹೊಸ ಪಾಠ. ಬಿಳಿಜೋಳದ ಹಿಟ್ಟಿನಂತೆ ಹಲಗೆ ಮೇಲೆ ಒಣಹಿಟ್ಟು ಉದುರಿಸಿ ಬಡಿದರೆ ಅಂಚು ಸೀಳುತ್ತದೆ. ಉದುರಿಸಬಾರದು. 30 ಗ್ರಾಂ ಉಂಡೆ, ಒದ್ದೆ ಅಂಗೈ, ಎರಡು ಕೈ ನಡುವೆ ತಟ್ಟುತ್ತ ತಿರುಗಿಸಬೇಕು. ಹೊತ್ತಿಲ್ಲದಾಗ ಪ್ಲಾಸ್ಟಿಕ್ ಹಾಳೆ ನಡುವೆ ಒತ್ತಿದರೂ ಆಯ್ತು. ಹಂಚು ಚೆನ್ನಾಗಿ ಕಾದಿರಲಿ. ಮೊದಲ ಮಗ್ಗುಲು 20 ಸೆಕೆಂಡ್, ಎರಡನೆಯದು ಮುಕ್ಕಾಲು ನಿಮಿಷ, ಮತ್ತೆ ತಿರುಗಿಸಿ ನಡುವೆ ಮೆಲ್ಲಗೆ ಒತ್ತಿದರೆ ಉಬ್ಬಬೇಕು. ಇಲ್ಲಿ ನಮ್ಮ ಕೈ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಉಗಿ ಎಲ್ಲಿ ಸೋರುತ್ತಿದೆ ಅಂತ ಬೆರಳಿಗೇ ತಿಳಿಯುತ್ತದೆ.

ಒಟ್ಟು ಖರ್ಚು ಎಲ್ಲ ಸೇರಿ 1,10,000 ಯೆನ್ ಇರಬಹುದು, ನಮ್ಮ ದುಡ್ಡಿನಲ್ಲಿ 60,000 ರೂಪಾಯಿ ಹತ್ತಿರ. ಮನೆಯಲ್ಲಿ ಈ ಮೊತ್ತ ಒಮ್ಮೆಲೇ ಹೇಳಿಲ್ಲ. ಹೋದ ವರ್ಷದ ಒಣ ಕಾಳು ಏಳೆಂಟು ಕೆಜಿ.

ಅದರಲ್ಲಿ ಎರಡು ಕೆಜಿ ಪೊಸೊಲೆಗೆ ಇಟ್ಟೆ. ಅಕಾಪುಲ್ಕೊ ಇರುವ ಗೆರೆರೊ ರಾಜ್ಯದಲ್ಲಿ ಗುರುವಾರ ಬಂತೆಂದರೆ ಹಸಿರು ಪೊಸೊಲೆ. ಸುಣ್ಣದಲ್ಲಿ ಬೆಂದ ಕಾಳನ್ನು ರುಬ್ಬದೆ, ಒಂದೊಂದರ ಮೂತಿ ಚಿವುಟಿ, ಹಂದಿ ಮಾಂಸದ ಸಾರಿನಲ್ಲಿ ಹೂವಿನಂತೆ ಅರಳುವವರೆಗೆ ಬೇಯಿಸುತ್ತಾರೆ. ಕುಂಬಳ ಬೀಜ, ತೊಮಾತಿಯೊ, ಹಸಿಮೆಣಸಿನಕಾಯಿ ಅರೆದು ಹಸಿರು ಬಣ್ಣ. ಎರಡು ಕೆಜಿ ಕಾಳು ಚಿವುಟಲು ನಾಲ್ಕು ಜನಕ್ಕೆ ಮೂರು ತಾಸು ಹಿಡಿಯಿತು. ಪಕ್ಕದ ಮನೆ ಅಜ್ಜಿ ತಾವಾಗಿಯೇ ಬಂದು ಕೂತು ಎಲ್ಲರಿಗಿಂತ ಬೇಗ ಚಿವುಟಿದರು.

ಊಟಕ್ಕೆ ಬಂದವರಲ್ಲಿ ಗೆರೆರೊ ಕಡೆಯ ಹಿರಿಯರೊಬ್ಬರಿದ್ದರು. 2023ರ ಅಕ್ಟೋಬರಿನಲ್ಲಿ ಓಟಿಸ್ ಚಂಡಮಾರುತ ಅಕಾಪುಲ್ಕೊಗೆ ಬಡಿದಾಗ ತಂಗಿ ಮನೆಯ ಸೂರು ಹಾರಿಹೋಗಿತ್ತು ಅಂತ ಹೇಳಿದರು. 2019ರ ನಮ್ಮ ತೂಫಾನಿನ ಮಾತು ಅಜ್ಜಿ ತೆಗೆದರು. ಭಾಷೆ ಬಾರದ ಇಬ್ಬರೂ ಸೂರು ಹಾರಿದ್ದನ್ನು ಕೈಯಲ್ಲೇ ತೋರಿಸಿಕೊಂಡರು. ಆಮೇಲೆ ಆ ಹಿರಿಯರು ನನ್ನ ಹಂಚಿನ ಹತ್ತಿರ ನಿಂತು ಮೊದಲ ತೋರ್ತಿಯಾ ಉಬ್ಬುವುದನ್ನು ನೋಡಿ ಚಪ್ಪಾಳೆ ತಟ್ಟಿದರು. ತೋರ್ತಿಯಾ ಉಬ್ಬಿದರೆ ಇನ್ನು ಮದುವೆ ಮಾಡಬಹುದು ಅನ್ನುವುದು ಅವರ ಕಡೆಯ ಮಾತಂತೆ. ನನಗೆ ಮದುವೆಯಾಗಿ 14 ವರ್ಷ ಅಂದೆ.

ಪೊಸೊಲೆ ಮೇಲೆ ತೆಳ್ಳಗೆ ಹೆಚ್ಚಿದ ಮೂಲಂಗಿ ಹಾಕುವುದು ಅಲ್ಲಿನ ಪದ್ಧತಿ. ಅವರ ಕೆಂಪು ಪುಟ್ಟ ಮೂಲಂಗಿ ನನಗೆ ಸಿಕ್ಕಿರಲಿಲ್ಲ. ಅಜ್ಜಿ ಮನೆಗೆ ಹೋಗಿ ತಮ್ಮ ಹಿತ್ತಲಿನ ಎಳೆ ದಾಯ್ಕೊನ್, ಅಂದರೆ ಜಪಾನಿನ ಬಿಳಿ ಮೂಲಂಗಿ, ಎರಡು ಕಿತ್ತು, ಅಲ್ಲೇ ತೊಳೆದು, ಕಾಗದದಷ್ಟು ತೆಳ್ಳಗೆ ಹೆಚ್ಚಿ ಎಲ್ಲರ ಬಟ್ಟಲಿಗೂ ಹಾಕಿದರು. ಇವಾವಾದಾದವರು ವಿವೆರೊಗೆ ಕೊಟ್ಟಿದ್ದೂ ಮೂಲಂಗಿಯೇ ಅಂತ ನಾನು ಹೇಳಿದೆ. ಆ ಹಿರಿಯರು ಇನ್ನೊಂದು ಹಿಡಿ ಹಾಕಿಸಿಕೊಂಡರು.

ಈ ವರ್ಷ ಆರು ಸಾಲು ಬಿತ್ತಿದ್ದೇನೆ. ಅಜ್ಜಿ ತಮ್ಮ ಸಿಹಿಜೋಳವನ್ನು ಒಂದು ವಾರ ಮೊದಲೇ ಹಾಕಿ, ಬೇಲಿ ಹತ್ತಿರ ಬಂದು ತಿಳಿಸಿ ಹೋದರು.