ಅದಿರಿನ ಹಳಿ ಹಿಡಿದು ಸ್ವೀಡನ್ನಿನ ಉತ್ತರ ತುದಿಗೆ

ಸ್ವೀಡನ್ನಿನ ಉತ್ತರಕ್ಕೆ ಹೋಗಿಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು, "ಕಾರು ಬಾಡಿಗೆಗೆ ತಗೊಂಡ್ರಾ?" ಇಲ್ಲ. ಲೂಲಿಯೋದಿಂದ ಹೊರಟು ಕಿರುನಾ, ಅಬಿಸ್ಕೊ ದಾಟಿ ನಾರ್ವೆಯ ನಾರ್ವಿಕ್ ಬಂದರಿಗೆ ಮುಟ್ಟುವ ರೈಲು ಹಳಿಯೊಂದಿದೆ. ನನ್ನ ತಿರುಗಾಟವೆಲ್ಲ ಆ ಹಳಿಯ ಆಸುಪಾಸಿನಲ್ಲೇ ಮುಗಿಯಿತು. ಇಲ್ಲಿ ಕಾರಿಲ್ಲದೆ ಏನೂ ನೋಡಲಾಗದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ಸೀಮೆಯ ಹೆಸರು ನೊರ್‌ಬೊಟನ್. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಕರ್ನಾಟಕದ ಅರ್ಧ, ಜನ ಮಾತ್ರ ಸುಮಾರು 2.5 ಲಕ್ಷ. ಬಳ್ಳಾರಿ ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಜನ ಇಷ್ಟು ವಿರಳವಾದ ನೆಲಕ್ಕೆ, ಆರ್ಕ್‌ಟಿಕ್ ವೃತ್ತದಾಚೆಗೆ, 1900ರ ಹೊತ್ತಿಗೇ ರೈಲು ಬಂತು ಅಂದರೆ ಅದು ಜನಕ್ಕಾಗಿ ಬಂದದ್ದಲ್ಲ, ಕಿರುನಾ ಗಣಿಯ ಕಬ್ಬಿಣದ ಅದಿರನ್ನು ಹಡಗಿಗೆ ಮುಟ್ಟಿಸುವುದಕ್ಕಾಗಿ. ಚಳಿಗಾಲದಲ್ಲಿ ಲೂಲಿಯೋ ಕಡೆಯ ಸಮುದ್ರ ಹೆಪ್ಪುಗಟ್ಟುತ್ತದೆ. ಬೆಚ್ಚಗಿನ ಸಾಗರ ಪ್ರವಾಹದ ದಯೆಯಿಂದ ನಾರ್ವಿಕ್ ಬಂದರು ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಬೆಟ್ಟ ಕೊರೆದು ಹಳಿಯನ್ನು ಅಲ್ಲಿಗೆ ಒಯ್ದರು. ಕಿರುನಾದಿಂದ ನಾರ್ವಿಕ್‌ಗೆ ಡಾಂಬರು ರಸ್ತೆ ಪೂರ್ತಿಯಾಗಿದ್ದು 1984ರಲ್ಲಿ. ಅಲ್ಲಿಯವರೆಗೆ ನಡುವಿನ ಊರುಗಳಿಗೆಲ್ಲ ರೈಲೇ ಗತಿ. ಹೀಗಾಗಿ ನೋಡಬೇಕಾದ ಬಹುಪಾಲು ಜಾಗಗಳು ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿವೆ.

ಕಿರುನಾವನ್ನು ತುಂಬ ಜನ ಬರೀ ರೈಲಿಳಿಯುವ ಜಾಗ ಅಂದುಕೊಂಡು, ಮಂಜುಗಡ್ಡೆಯ ಹೋಟೆಲಿಗೋ ಅಬಿಸ್ಕೊಗೋ ಓಡುತ್ತಾರೆ. ನಾನು ಅಲ್ಲೇ ಉಳಿದೆ. ಸಂಡೂರು ಕಡೆಯವಳಾದ ನನಗೆ ಗಣಿ ಅಂದರೆ ಕೆಂಪು ಧೂಳು, ಲಾರಿ ಸಾಲು, ಬೇಲಿಯ ಗಿಡದ ಮೇಲೂ ಕೂತ ಕೆಂಪು. ಇಲ್ಲಿಯದು ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಅದಿರು, ತೆಗೆಯುವುದು ನೆಲದಡಿಯಿಂದ. ಊರೊಳಗೆ ಅಡ್ಡಾಡಿದರೆ ಅಷ್ಟು ದೊಡ್ಡ ಗಣಿ ಪಕ್ಕದಲ್ಲಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ತೊಂದರೆ ಬೇರೆ ಕಡೆಯಿಂದ ಬಂದಿದೆ. ಸುಮಾರು 4 ಕಿಲೋಮೀಟರ್ ಉದ್ದದ ಅದಿರಿನ ಪದರ ಊರಿನ ಕಡೆಗೇ ವಾಲಿಕೊಂಡು ಕೆಳಗಿಳಿಯುತ್ತದೆ. ಆಳಕ್ಕೆ ಹೋದಷ್ಟೂ ಮೇಲಿನ ನೆಲ ಕುಸಿಯುತ್ತ ಮನೆಗಳತ್ತ ಬರುತ್ತದೆ. ಅದಕ್ಕೆ ಊರನ್ನೇ ಸುಮಾರು 3 ಕಿಲೋಮೀಟರ್ ಪೂರ್ವಕ್ಕೆ ಎತ್ತಿಡುತ್ತಿದ್ದಾರೆ. ಹೊಸ ಪೇಟೆ 2022ರಲ್ಲಿ ತೆರೆಯಿತು. ಹಳೇ ಪುರಭವನ ಕೆಡವಿದರೂ ಅದರ ಗಡಿಯಾರ ಗೋಪುರವನ್ನು ತಂದು ಹೊಸದರ ಪಕ್ಕ ನಿಲ್ಲಿಸಿದ್ದಾರೆ. 1912ರ ಮರದ ಚರ್ಚನ್ನು ಬಿಚ್ಚದೆ, ಇಡಿಯಾಗಿ ಗಾಲಿಗಳ ಮೇಲಿಟ್ಟು 2025ರ ಆಗಸ್ಟಿನಲ್ಲಿ ಎರಡು ದಿನ ಎಳೆದು ತಂದರು. ನಾನು ಹೋದಾಗ ಅದು ಹೊಸ ಜಾಗದಲ್ಲಿ ಬಾಗಿಲು ಹಾಕಿಕೊಂಡು ನಿಂತಿತ್ತು. ಹೊರಗಿನಿಂದಲೇ ಸುತ್ತಿ ಬಂದೆ. ಹಳೇ ಭಾಗದಲ್ಲಿ ಬೇಲಿಯಾಚೆ ನೋಡಿದರೆ ಬೀದಿದೀಪದ ಕಂಬಗಳಿವೆ, ಮನೆಗಳಿಲ್ಲ. ಹೊಸ ಪೇಟೆ ಅಚ್ಚುಕಟ್ಟಾಗಿದೆ ನಿಜ, ಆದರೆ ಯಾವ ಊರಿನ ಮಾಲಿನಲ್ಲಿದ್ದೇನೆ ಅನ್ನುವ ಗೊಂದಲ ಹುಟ್ಟಿಸುವಂತಿದೆ.

ಕಿರುನಾದಲ್ಲಿ ಲೂಲಿಯೋ ತಾಂತ್ರಿಕ ವಿಶ್ವವಿದ್ಯಾಲಯದ ಬಾಹ್ಯಾಕಾಶ ವಿಭಾಗ ಇದೆ. ಅಲ್ಲಿ ಓದುವ ದಾವಣಗೆರೆಯ ಹುಡುಗನೊಬ್ಬ ಊಟಕ್ಕೆ ಸಿಕ್ಕಿದ್ದ. "ಅಕ್ಕಾ, ರಾತ್ರಿ ಒಂದೂವರೆ ಹೊತ್ತಿಗೆ ಮಂಚ ಅಲ್ಲಾಡಿದ್ರೆ ಭೂಕಂಪ ಅಂತ ಹೆದರ್ಕೋಬೇಡಿ, ಗಣೀಲಿ ಸಿಡಿಸ್ತಾರೆ" ಅಂದ. ಹೇಳಿದ ಹಾಗೇ ಆಯಿತು. ಮಂಚ ಅಲ್ಲಾಡಲಿಲ್ಲ, ಕಿಟಕಿ ಗಾಜು ಮಾತ್ರ ಸಣ್ಣಗೆ ಗುಂಯ್‌ಗುಟ್ಟಿತು.

ಯಾವ ತಿಂಗಳು ಒಳ್ಳೆಯದು ಅಂದರೆ ನಾನು ಸೆಪ್ಟೆಂಬರ್ ಅನ್ನುತ್ತೇನೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಅದೊಂದು ಚೆಂದ. ಆದರೆ ಅದರ ಹಿಂದೆಯೇ ಸೊಳ್ಳೆ ಏಳುತ್ತವೆ, ನಮ್ಮ ಕೆರೆ ಏರಿಯ ಸೊಳ್ಳೆ ಏನೇನೂ ಅಲ್ಲ. ಡಿಸೆಂಬರಿನಲ್ಲಿ ಕೆಲವು ವಾರ ಸೂರ್ಯ ಏಳುವುದೇ ಇಲ್ಲ. ಸೆಪ್ಟೆಂಬರಿನಲ್ಲಿ ಸೊಳ್ಳೆ ಹೋಗಿರುತ್ತವೆ, ಬರ್ಚ್ ಮರಗಳು ಹಳದಿಗೆ ತಿರುಗಿರುತ್ತವೆ, ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಓಡಾಡುವ ಅರೋರಾ, ಕಾಣುವಷ್ಟು ಕತ್ತಲೂ ಆಗುತ್ತದೆ. ಹಗಲು ಸ್ವೆಟರ್, ಮೇಲೊಂದು ಗಾಳಿ ತಡೆಯುವ ಜಾಕೆಟ್ ಇದ್ದರೆ ನಡೆಯುತ್ತದೆ. ರಾತ್ರಿಗೆ ಟೋಪಿ, ಕೈಗವಸು ಬೇಕೇ ಬೇಕು.

ಅಬಿಸ್ಕೊ ರಾಷ್ಟ್ರೀಯ ಉದ್ಯಾನ 1909ರದ್ದು, ಯುರೋಪಿನ ಮೊದಲ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. ಹಳಿ ಬಂದು ಏಳೇ ವರ್ಷಕ್ಕೆ ಉದ್ಯಾನವೂ ಆಯಿತು. ಅಲ್ಲಿನ ಬೆಟ್ಟಗಳು ಪಶ್ಚಿಮದ ಮೋಡಗಳನ್ನು ತಡೆಯುವುದರಿಂದ ವರ್ಷಕ್ಕೆ ಬೀಳುವ ಮಳೆ, ಹಿಮ ಸೇರಿ ಸುಮಾರು 300 ಮಿಲಿಮೀಟರ್. ಕೆಲವೇ ನಿಲ್ದಾಣ ಆಚೆ ನಾರ್ವೆ ಗಡಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಆಕಾಶದ ಬೆಳಕು ನೋಡಲು ಜನ ಅಬಿಸ್ಕೊಗೇ ಬರುವುದು ಈ ಕಾರಣಕ್ಕೆ. ನಾನಿದ್ದ ವಸತಿಯಿಂದ ಹತ್ತು ಹೆಜ್ಜೆ ಹೊರಗೆ ಬಂದರೆ 70 ಕಿಲೋಮೀಟರ್ ಉದ್ದದ ತೊರ್ನೆತ್ರೆಸ್ಕ್ ಸರೋವರ ಕಾಣುತ್ತದೆ. ಸೀಳು ಬಂಡೆಯ ಕಣಿವೆಯಲ್ಲಿ ನದಿ ಅದಕ್ಕೆ ಬಂದು ಸೇರುತ್ತದೆ. ಬೆಳಕು ಬಂದದ್ದು ರಾತ್ರಿ ಹನ್ನೊಂದರ ಮೇಲೆ. ಫೋಟೋಗಳಲ್ಲಿ ಕಾಣುವ ಗಿಳಿಹಸಿರು ಕಣ್ಣಿಗೆ ಅಷ್ಟು ಗಾಢವಾಗಿ ಕಾಣುವುದಿಲ್ಲ. ಮೊದಲು ತೆಳು ಬೂದು ಪಟ್ಟಿ, ಆಮೇಲೆ ಅಂಚಿನಲ್ಲಿ ಹಸಿರು, ಒಮ್ಮೆಲೇ ಅದು ಓಡಾಡತೊಡಗಿದಾಗ ಮಾತ್ರ ಪಕ್ಕದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

ನನಗೆ ಅದಕ್ಕಿಂತ ಹಿಡಿಸಿದ್ದು ಟ್ರೊಲ್‌ಶೋನ್ ಕೊಳದ ದಾರಿ. ಲಾಕ್ತಚೊಕ್ಕ ಅನ್ನುವ ಪುಟ್ಟ ನಿಲುಗಡೆಯಲ್ಲಿ ಇಳಿದು ಕಣಿವೆ ಹಿಡಿದು ಏರಬೇಕು. ಮೇಲಿಂದ ಉರುಳಿದ ಮನೆಯಷ್ಟು ದೊಡ್ಡ ಬಂಡೆಗಳ ಸಂದಿಯಲ್ಲಿ ಹೆಜ್ಜೆ ನೋಡಿ ಇಡಬೇಕು, ಕೊನೆಯಲ್ಲಿ ದಾರಿ ಬರೀ ಕಲ್ಲು. ಕೊಳದ ನೀರು ಎಷ್ಟು ತಿಳಿ ಅಂದರೆ 30 ಮೀಟರಿಗೂ ಆಳದ ತಳದ ಕಲ್ಲು ಕಾಣುತ್ತದೆ. ತೊರೆಯ ನೀರನ್ನೇ ಬಾಟಲಿಗೆ ತುಂಬಿಕೊಂಡು ಕುಡಿದೆ, ಅಲ್ಲಿ ಎಲ್ಲರೂ ಕುಡಿಯುತ್ತಾರೆ. ಇಳಿಯುವಾಗ ಕೆಳಗೆ ಅದಿರಿನ ಗಾಡಿ ಹೋಗುತ್ತಿತ್ತು. 68 ವ್ಯಾಗನ್, ಮುಕ್ಕಾಲು ಕಿಲೋಮೀಟರ್ ಉದ್ದ, ಮುಗಿಯುವುದೇ ಇಲ್ಲ. ಗಡಿಯಿಂದ ನಾರ್ವಿಕ್‌ಗೆ ಇಳಿಯುವಾಗ ಬ್ರೇಕಿನಿಂದ ಅದು ಮಾಡುವ ವಿದ್ಯುತ್ತು, ಖಾಲಿ ಗಾಡಿಯನ್ನು ಮತ್ತೆ ಗಡಿಗೆ ಹತ್ತಿಸಲು ಸಾಕಾಗುತ್ತದಂತೆ.

ಈ ನೆಲ ಗಣಿಗಿಂತ ಮುಂಚಿನಿಂದ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರದ್ದು. ಹಿಮಸಾರಂಗ ಮೇಯಿಸುವ ದಾರಿಗಳನ್ನು ಹಳಿ, ರಸ್ತೆ, ಗಣಿ ತುಂಡರಿಸಿವೆ. ಕಿರುನಾ ಪಕ್ಕ ಹೊಸ ಅದಿರಿಗೆ ಕೈಹಾಕುವುದನ್ನು ಅಲ್ಲಿನ ಗಬ್ನಾ ಸಾಮಿ ಸಮುದಾಯ ವಿರೋಧಿಸುತ್ತಲೇ ಇದೆ. ರಸ್ತೆ ಬದಿಯ ಕಂಬಕ್ಕೆ ಕರೀ ಪ್ಲಾಸ್ಟಿಕ್ ಚೀಲ ಕಟ್ಟಿದ್ದರೆ ಹತ್ತಿರದಲ್ಲೇ ಹಿಮಸಾರಂಗಗಳಿವೆ ಎಂದರ್ಥ. ಕಾರಿನವರು ನಿಧಾನಿಸಬೇಕು. ಸಾಮಿ ಮನೆಯವರು ಸಿಕ್ಕರೆ "ಎಷ್ಟು ಹಿಮಸಾರಂಗ ಇವೆ?" ಎಂದು ಮಾತ್ರ ಕೇಳಬೇಡಿ, ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀರಿ ಅಂತ ಯಾರೂ ಕೇಳುವುದಿಲ್ಲವಲ್ಲ.

ನಾರ್ವಿಕ್ ಊರಾಗಿ ಸಾಧಾರಣ. 1940ರ ಯುದ್ಧದ ವಸ್ತುಸಂಗ್ರಹಾಲಯ ಒಳ್ಳೆಯದಿದೆ. ಆದರೆ ಅಲ್ಲಿಗೆ ಹೋಗಬೇಕಾದ್ದು ಇಳಿಯುವ ದಾರಿಗಾಗಿ. ಗಡಿಯಲ್ಲಿ 500 ಮೀಟರ್ ಎತ್ತರದಲ್ಲಿದ್ದ ಗಾಡಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ ಸಮುದ್ರಮಟ್ಟಕ್ಕೆ ಬರುತ್ತದೆ. ಬಲಗಡೆ ಕಿಟಕಿ ಹಿಡಿಯಿರಿ.

ಊಟದ ಚಿಂತೆ ಇದ್ದವರಿಗೆ: ಅಡುಗೆಮನೆ ಇರುವ ವಸತಿಯನ್ನೇ ಹುಡುಕಿ. ಅಕ್ಕಿ, ಹೆಸರುಬೇಳೆ, ಸಾರಿನಪುಡಿ, ಅವಲಕ್ಕಿ ನಾನು ಒಯ್ದಿದ್ದೆ. ತರಕಾರಿಯನ್ನು ಕಿರುನಾದಲ್ಲೇ ಕೊಂಡರೆ ಲೇಸು, ಮುಂದೆ ಅಂಗಡಿಗಳು ಚಿಕ್ಕವು, ಬೇಗ ಮುಚ್ಚುತ್ತವೆ. ನೋಟು ಯಾರಿಗೂ ಬೇಡ, ಕಾರ್ಡು ಸಾಕು. ಇನ್ನು ರೈಲು ತಡವಾಗುತ್ತದೆ, ಅದರಲ್ಲಿ ಅನುಮಾನ ಬೇಡ. ಇರುವುದು ಒಂಟಿ ಹಳಿ, ಅದಿರಿನ ಗಾಡಿ ಎದುರು ಬಂದರೆ ನಾವು ಬದಿಯ ಹಳಿಯಲ್ಲಿ ಕಾಯಬೇಕು. 2023ರ ಡಿಸೆಂಬರಿನಲ್ಲಿ ಅದಿರಿನ ಗಾಡಿಯೊಂದು ಹಳಿ ತಪ್ಪಿದಾಗ ದಾರಿ ಎರಡು ತಿಂಗಳಷ್ಟು ಮುಚ್ಚಿತ್ತು. ಹಾಗಾಗಿ ರೈಲು ಕೈಕೊಟ್ಟರೆ ಅದೇ ದಾರಿಯ ಬಸ್ಸಿನ ಹೊತ್ತನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಿರುನಾದಿಂದ ವಿಮಾನ ಹಿಡಿಯುವವರು ಹಿಂದಿನ ರಾತ್ರಿಯೇ ಅಲ್ಲಿಗೆ ಬಂದು ಮಲಗುವುದು ವಾಸಿ.